ಗಾಯವಿಲ್ಲದ ದೇಹ: ‘ಟಾಮ್ ಅಂಡ್ ಜೆರ್ರಿ’ಯ ಹಾಸ್ಯ ಮತ್ತು ಮಗುವಿನ ನೋಟ

ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಓಡುತ್ತದೆ. ಅದರ ತಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಬೀಳುತ್ತದೆ, ಹಲ್ಲುಗಳು ಒಡೆದ ಗಾಜಿನಂತೆ ಉದುರುತ್ತವೆ, ಕೈಯಲ್ಲಿದ್ದ ಸಿಡಿಮದ್ದು ಸಿಡಿಯುತ್ತದೆ. ಮರುಕ್ಷಣವೇ ಅದು ಏನೂ ಆಗದಂತೆ ಮತ್ತೆ ಓಡತೊಡಗುತ್ತದೆ. ವಿಲಿಯಂ ಹಾನ್ನಾ ಮತ್ತು ಜೋಸೆಫ್ ಬಾರ್ಬೆರಾ ಅವರು 1940ರಿಂದ 1958ರವರೆಗೆ ಅಮೆರಿಕದ ಎಂಜಿಎಂ ಸಂಸ್ಥೆಯಲ್ಲಿ ನಿರ್ದೇಶಿಸಿದ 114 ‘ಟಾಮ್ ಅಂಡ್ ಜೆರ್ರಿ’ ಕಿರುಚಿತ್ರಗಳ ಕಥಾವಸ್ತು ಬಹುಮಟ್ಟಿಗೆ ಇಷ್ಟೇ. ಅವುಗಳಲ್ಲಿ ಏಳು ಚಿತ್ರಗಳಿಗೆ ಆಸ್ಕರ್ ಪ್ರಶಸ್ತಿ ಸಂದಿದೆ. ಚಿತ್ರಮಂದಿರದಲ್ಲಿ ಕುಳಿತ ಎಲ್ಲ ವಯಸ್ಸಿನ ಪ್ರೇಕ್ಷಕರಿಗಾಗಿ ರಚಿತವಾದ ಈ ಕೃತಿಗಳು 1965ರಲ್ಲಿ ಅಮೆರಿಕದ ದೂರದರ್ಶನದ ಶನಿವಾರ ಬೆಳಗಿನ ಕಾರ್ಯಕ್ರಮಗಳಿಗೆ ಸೇರಿ, ಅಲ್ಲಿಂದ ಮುಂದೆ ಮಕ್ಕಳ ಸೊತ್ತಾದವು. ಮಾತು ತೀರ ಕಡಿಮೆಯಾದ್ದರಿಂದ ಅವುಗಳಿಗೆ ಭಾಷಾಂತರದ ಹಂಗಿರಲಿಲ್ಲ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿ ಭಾರತಕ್ಕೆ ಬಂದ ಮೇಲೆ, ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದ ಕನ್ನಡದ ಮಗುವೂ ಟಾಮ್‌ನ ಕಿರುಚಾಟಕ್ಕೆ ನಗಬಲ್ಲುದಾಯಿತು.

ಪಾಲಕರೂ ಧರ್ಮೋಪದೇಶಕರೂ ಈ ಚಿತ್ರಗಳ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಇವನ್ನು ನೋಡಿದ ಮಗು ಹೊಡೆಯುವುದನ್ನು ಕಲಿಯುವುದೇ? ಅದು ನ್ಯಾಯವಾದ ಪ್ರಶ್ನೆಯೇ ಸರಿ. ಆದರೆ ಕ್ರೈಸ್ತ ದೈವಶಾಸ್ತ್ರದ ನೆಲೆಯಿಂದ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ನಮ್ಮ ಅಭಿಪ್ರಾಯದಲ್ಲಿ ಅದೇ ಹೆಚ್ಚು ಗಂಭೀರವಾದುದು. ಎಷ್ಟು ಪೆಟ್ಟು ಬಿದ್ದರೂ ಗಾಯವಾಗದ ದೇಹವನ್ನು ದಿನವೂ ನೋಡಿ ನಗುವ ಮಗು, ಗಾಯಗೊಂಡ ದೇಹವನ್ನು ನೋಡುವ ಬಗೆಯನ್ನು ಎಲ್ಲಿಂದ ಕಲಿಯಬೇಕು? ಶಿಲುಬೆಗೇರಿ ಮರಣಹೊಂದಿ ಪುನರುತ್ಥಾನರಾದ ಪ್ರಭುವಿನ ವೃತ್ತಾಂತವನ್ನು ಅದೇ ಮಗುವಿಗೆ ಹೇಳುವ ಹೊಣೆ ಹೊತ್ತವರು ಈ ಪ್ರಶ್ನೆಯನ್ನು ಬದಿಗೊತ್ತಲಾಗದು.

ಕೈಯ ಪ್ರಶ್ನೆ, ಕಣ್ಣಿನ ಪ್ರಶ್ನೆ

ಮೊದಲಿಗೆ ರೂಢಿಯ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಆಲ್ಬರ್ಟ್ ಬಂಡೂರ, ಡೊರೊಥಿಯಾ ರಾಸ್ ಮತ್ತು ಶೀಲಾ ರಾಸ್ ಅವರು 1963ರಲ್ಲಿ ಪ್ರಕಟಿಸಿದ ಪ್ರಯೋಗ ಈ ಚರ್ಚೆಯಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದ 96 ಮಕ್ಕಳನ್ನು ಅವರು ತಲಾ 24ರ ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಗಾಳಿ ತುಂಬಿದ ದೊಡ್ಡ ಬೊಂಬೆಯೊಂದನ್ನು ವಯಸ್ಕರು ಗುದ್ದಿ ಒದೆಯುವುದನ್ನು ಒಂದು ಗುಂಪು ಕಣ್ಣೆದುರೇ ನೋಡಿತು; ಎರಡನೆಯದು ಚಲನಚಿತ್ರದಲ್ಲಿ ನೋಡಿತು; ಮೂರನೆಯದು ಬೆಕ್ಕಿನ ವೇಷ ಧರಿಸಿದ ಪಾತ್ರವು ಅದನ್ನೇ ಮಾಡುವುದನ್ನು ಕಾರ್ಟೂನಿನ ರೀತಿಯಲ್ಲಿ ನೋಡಿತು; ನಾಲ್ಕನೆಯದು ಏನನ್ನೂ ನೋಡಲಿಲ್ಲ. ಬಳಿಕ ಅದೇ ಬಗೆಯ ಬೊಂಬೆಯಿದ್ದ ಕೋಣೆಗೆ ಮಕ್ಕಳನ್ನು ಬಿಟ್ಟಾಗ, ಕಾರ್ಟೂನ್ ನೋಡಿದ ಗುಂಪಿನ ಆಕ್ರಮಣಕಾರಿ ವರ್ತನೆಯ ಸರಾಸರಿ ಅಂಕ 99ರಷ್ಟಿತ್ತು. ಏನನ್ನೂ ನೋಡದ ಗುಂಪಿನದು 54ರಷ್ಟು. ಬಣ್ಣದ ವೇಷ ಹಾಕಿದ ಮಾತ್ರಕ್ಕೆ ಹಿಂಸೆ ನಿರಪಾಯಕಾರಿಯಾಗುವುದಿಲ್ಲ ಎಂಬ ತೀರ್ಮಾನಕ್ಕೆ ಇದು ಬಲ ನೀಡಿತು.

ಈ ಪ್ರಯೋಗವನ್ನು ಅದರ ಅಳತೆ ಮೀರಿ ಹಿಗ್ಗಿಸುವುದು ಸಲ್ಲದು. ಆ ಬೊಂಬೆ ಗುದ್ದಿಸಿಕೊಳ್ಳುವುದಕ್ಕೆಂದೇ ತಯಾರಾದದ್ದು. ಅದನ್ನು ಗುದ್ದುವ ಮಗು ಗೆಳೆಯನನ್ನೂ ಗುದ್ದುವುದೆಂದು ಅದರಿಂದ ಸಿದ್ಧವಾಗದು. ಮಕ್ಕಳಿಗೆ ಮೊದಲು ಆಕರ್ಷಕ ಆಟಿಕೆಗಳನ್ನು ತೋರಿಸಿ ಕಿತ್ತುಕೊಂಡು, ಅವರನ್ನು ಕೆರಳಿಸಿಯೇ ಕೋಣೆಗೆ ಬಿಡಲಾಗಿತ್ತು. ಅಳೆದದ್ದು ಆ ಹೊತ್ತಿನ ವರ್ತನೆಯನ್ನು, ಬೆಳೆಯುವ ಸ್ವಭಾವವನ್ನಲ್ಲ. ಮೂರನೆಯ ಗುಂಪು ನೋಡಿದ್ದು ಕೂಡ ಬರೆದ ಚಿತ್ರಗಳ ಕಾರ್ಟೂನಲ್ಲ, ವೇಷ ತೊಟ್ಟ ಮನುಷ್ಯರನ್ನು. ಪುಟ್ಟ ಮಕ್ಕಳು ಕಂಡದ್ದನ್ನು ಅನುಕರಿಸುತ್ತಾರೆ, ಕಂಡದ್ದು ಕಾರ್ಟೂನಿನ ರೂಪದಲ್ಲಿದ್ದರೂ ಅನುಕರಿಸುತ್ತಾರೆ ಎಂಬಷ್ಟನ್ನು ಒಪ್ಪಿಕೊಂಡು ಮುಂದುವರಿಯುವುದು ಉಚಿತ.

ಅದೇ 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಸಾಮಾಜಿಕ ಸಂಪರ್ಕ ಮಾಧ್ಯಮಗಳನ್ನು ಕುರಿತ ‘ಇಂಟರ್ ಮಿರಿಫಿಕಾ’ ಆದೇಶಪತ್ರವನ್ನು ಪ್ರಕಟಿಸಿತು. ಕೆಡುಕನ್ನು ಚಿತ್ರಿಸುವುದೇ ತಪ್ಪೆಂದು ಮಹಾಸಭೆ ಹೇಳಲಿಲ್ಲ. ಅಂತಹ ಚಿತ್ರಣವು ಮನುಷ್ಯನ ಆಳವಾದ ಅರಿವಿಗೆ ನೆರವಾಗಬಲ್ಲುದೆಂದು ಅದರ 7ನೇ ಪರಿಚ್ಛೇದ ಒಪ್ಪುತ್ತದೆ, ಆದರೆ ಅದು ನೈತಿಕ ನಿಯಮಕ್ಕೆ ಅಧೀನವಾಗಿರಬೇಕೆನ್ನುತ್ತದೆ. ವಿಶ್ವಗುರು ಹದಿನಾರನೆಯ ಬೆನೆಡಿಕ್ಟ್ ಅವರು 2007ರ ವಿಶ್ವ ಸಂಪರ್ಕ ದಿನದ ಸಂದೇಶದಲ್ಲಿ, ಮನರಂಜನೆಯ ಹೆಸರಿನಲ್ಲಿ ಹಿಂಸೆಯನ್ನು ವೈಭವೀಕರಿಸುವ ಕೃತಿಗಳನ್ನು ಖಂಡಿಸುವಾಗ ಅನಿಮೇಷನ್ ಚಿತ್ರಗಳನ್ನೂ ಹೆಸರಿಸಿದರು. ಹಾಗಾದರೆ ‘ಟಾಮ್ ಅಂಡ್ ಜೆರ್ರಿ’ ಹಿಂಸೆಯನ್ನು ವೈಭವೀಕರಿಸುತ್ತದೆಯೇ? ಹಾಗೆನ್ನಲಾಗದು. ಅಲ್ಲಿ ಹಿಂಸೆಗೆ ಮಹಿಮೆಯಿಲ್ಲ. ಅದಕ್ಕೆ ಭಾರವೇ ಇಲ್ಲ. ತೊಡಕಿರುವುದು ಅಲ್ಲಿಯೇ.

ಸಂತ ಅಗಸ್ಟೀನರು ‘ಕನ್ಫೆಷನ್ಸ್’ ಕೃತಿಯ ಆರನೆಯ ಪುಸ್ತಕದಲ್ಲಿ ತಮ್ಮ ಗೆಳೆಯ ಅಲಿಪಿಯಸ್‌ನ ಪ್ರಸಂಗವನ್ನು ಹೇಳುತ್ತಾರೆ. ಗೆಳೆಯರ ಬಲವಂತಕ್ಕೆ ರೋಮಿನ ಕಾದಾಟದ ಅಖಾಡಕ್ಕೆ ಹೋದ ಅವನು ಕಣ್ಣು ಮುಚ್ಚಿ ಕುಳಿತ. ಜನರ ಕೂಗಿಗೆ ಕುತೂಹಲಗೊಂಡು ಕಣ್ತೆರೆದ. ಕೆಳಗೆ ಬಿದ್ದ ಕಾದಾಳಿಯ ದೇಹಕ್ಕಾದುದಕ್ಕಿಂತ ಘೋರವಾದ ಪೆಟ್ಟು ನೋಡಿದವನ ಆತ್ಮಕ್ಕೆ ಬಿತ್ತು ಎಂಬುದು ಅಗಸ್ಟೀನರ ಅಭಿಪ್ರಾಯ. ಅಲಿಪಿಯಸ್ ಯಾರನ್ನೂ ಹೊಡೆಯಲಿಲ್ಲ. ಅವನ ಕೈ ಶುದ್ಧವಾಗಿಯೇ ಉಳಿಯಿತು, ಕೆಟ್ಟದ್ದು ಕಣ್ಣು. ಅಖಾಡದಲ್ಲಿ ಸುರಿದದ್ದು ನಿಜವಾದ ರಕ್ತ, ಕಾರ್ಟೂನಿನಲ್ಲಿರುವುದು ಬರಿಯ ಗೆರೆ ಮತ್ತು ಬಣ್ಣ. ಎರಡನ್ನೂ ಸಮೀಕರಿಸುವುದು ಅನ್ಯಾಯವಾದೀತು. ಆದರೂ ಕೈಯ ಪ್ರಶ್ನೆಯಿಂದ ಕಣ್ಣಿನ ಪ್ರಶ್ನೆಗೆ ಹೊರಳುವ ದಾರಿಯನ್ನು ಅಗಸ್ಟೀನರು ನಮಗೆ ತೋರಿಸಿಕೊಟ್ಟಿದ್ದಾರೆ.

ನಗುವಿಗೂ ಅದರದೇ ಹಕ್ಕಿದೆ

ಕಣ್ಣಿನ ಪ್ರಶ್ನೆಗೆ ಹೋಗುವ ಮುನ್ನ ನಗುವಿಗೆ ಸಲ್ಲಬೇಕಾದುದನ್ನು ಸಲ್ಲಿಸಬೇಕು. ಸಂತ ಥಾಮಸ್ ಅಕ್ವಿನಾಸರು ‘ಸುಮ್ಮಾ ಥಿಯೊಲಾಜಿಯೆ’ಯ ದ್ವಿತೀಯ ಭಾಗದ ದ್ವಿತೀಯ ಖಂಡದಲ್ಲಿ, 168ನೇ ಪ್ರಶ್ನೆಯಡಿ, ಆಟ ಮತ್ತು ವಿನೋದವನ್ನು ಸದ್ಗುಣದ ಅಧ್ಯಾಯಕ್ಕೆ ಸೇರಿಸಿದ್ದಾರೆ. ದೇಹಕ್ಕೆ ವಿಶ್ರಾಂತಿ ಬೇಕಾದಂತೆ ಮನಸ್ಸಿಗೂ ಬೇಕು. ಅದನ್ನು ಒದಗಿಸುವುದು ವಿನೋದ. ಅದರ ಅತಿರೇಕ ಹೇಗೆ ದೋಷವೋ, ತಾನೂ ನಗದೆ ಪರರ ನಗುವಿಗೂ ಅಡ್ಡಬರುವ ಬಿಗುಮಾನವೂ ಹಾಗೆಯೇ ದೋಷ. ಮಕ್ಕಳ ಮನರಂಜನೆಯ ಬಗ್ಗೆ ಧರ್ಮಪೀಠದಿಂದ ಮಾತನಾಡುವವರು ಈ ಎರಡನೆಯ ದೋಷವನ್ನು ಮರೆಯುವುದುಂಟು.

ಜೆರ್ರಿ ಗೆದ್ದಾಗ ಮಗು ನಗುವುದರಲ್ಲಿ ಕ್ರೌರ್ಯವೇ ಇದೆಯೆಂದು ಭಾವಿಸುವುದೂ ತಪ್ಪು. ಆ ಮನೆಯಲ್ಲಿ ಎಲ್ಲರೂ ಇಲಿಗಿಂತ ದೊಡ್ಡವರು. ಮಗುವಿನ ಲೋಕದಲ್ಲಿಯೂ ಎಲ್ಲರೂ ಅದಕ್ಕಿಂತ ದೊಡ್ಡವರೇ. ಚಿಕ್ಕದು ದೊಡ್ಡದನ್ನು ಸೋಲಿಸುವ ಸಂತೋಷ ಶುಭಸಂದೇಶಕ್ಕೆ ಅಪರಿಚಿತವಲ್ಲ. ಬಲಾಢ್ಯರನ್ನು ಕೆಳಗಿಳಿಸಿ ದೀನರನ್ನು ಮೇಲೆತ್ತುವ ದೇವರನ್ನು ಮಾತೆ ಮರಿಯಮ್ಮನವರು ಕೊಂಡಾಡಿದ್ದೂ ಅದೇ ಸಂತೋಷದಿಂದ (ಲೂಕ 1:52). ಚಕ್ ಜೋನ್ಸ್ ಅವರು 1949ರಲ್ಲಿ ಆರಂಭಿಸಿದ ‘ರೋಡ್ ರನ್ನರ್’ ಚಿತ್ರಗಳಲ್ಲಂತೂ ಹಕ್ಕಿ ಯಾರ ಮೇಲೂ ಎರಗುವುದಿಲ್ಲ. ಅದನ್ನು ಹಿಡಿಯಲು ಹೂಡಿದ ಯಂತ್ರತಂತ್ರಗಳೆಲ್ಲ ಹೂಡಿದ ತೋಳಕ್ಕೇ ತಿರುಗಿ, ಅದು ತಾನಾಗಿ ಪ್ರಪಾತಕ್ಕೆ ಬೀಳುತ್ತದೆ. ತಾನು ತೋಡಿದ ಗುಂಡಿಗೆ ತಾನೇ ಬೀಳುವ ದುಷ್ಟನ ಬಗ್ಗೆ ಕೀರ್ತನೆಗಾರನಾಡುವ ಮಾತನ್ನು (ಕೀರ್ತನೆ 7) ಬಲ್ಲವರಿಗೆ ಈ ಕಥನ ಹೊಸತೆನಿಸದು.

ಆದರೆ ಅಕ್ವಿನಾಸರು ಅದೇ ಪ್ರಶ್ನೆಯಲ್ಲಿ ಒಂದು ಎಲ್ಲೆಯನ್ನೂ ಗುರುತಿಸುತ್ತಾರೆ: ಹಾನಿಕರವಾದ ಮಾತು ಅಥವಾ ಕೃತ್ಯದಲ್ಲಿ ವಿನೋದವನ್ನು ಅರಸಬಾರದು. ಫ್ರಾನ್ಸಿನ ತತ್ತ್ವಜ್ಞಾನಿ ಆಂರಿ ಬರ್ಗ್‌ಸನ್ ನಗುವನ್ನು ಕುರಿತು 1900ರಲ್ಲಿ ಪ್ರಕಟಿಸಿದ ಗ್ರಂಥವು ಈ ಎಲ್ಲೆ ಏಕೆ ಬೇಕೆಂಬುದನ್ನು ತಿಳಿಯಾಗಿಸುತ್ತದೆ. ನಗಬೇಕಾದರೆ ಹೃದಯ ಆ ಹೊತ್ತಿಗೆ ಮರಗಟ್ಟಿರಬೇಕು. ಬಿದ್ದವನ ನೋವು ನಮಗೆ ತಟ್ಟಿದರೆ ನಗು ಬಾರದು ಎಂಬುದು ಅವರ ವಾದದ ತಿರುಳು. ಕಾರ್ಟೂನಿಗೆ ಈ ಮರಗಟ್ಟುವಿಕೆಯನ್ನು ಉಂಟುಮಾಡುವ ಸುಲಭೋಪಾಯವೊಂದು ಸಿಕ್ಕಿದೆ. ಅದು ನೋಡುಗನ ಹೃದಯವನ್ನು ಮುಟ್ಟುವುದೇ ಇಲ್ಲ. ಬಿದ್ದವನ ದೇಹದಿಂದಲೇ ಗಾಯವನ್ನು ತೆಗೆದುಬಿಡುತ್ತದೆ.

ತೋರಿಕೆಯ ದೇಹ

ಧರ್ಮಸಭೆಯು ತನ್ನ ಮೊದಲ ಶತಮಾನಗಳಲ್ಲಿಯೇ ಎದುರಿಸಿದ ಪಾಷಂಡವಾದಗಳಲ್ಲಿ ಒಂದಕ್ಕೆ ಡೊಸೆಟಿಸಂ, ಅಂದರೆ ತೋರಿಕೆವಾದ, ಎಂದು ಹೆಸರು. ಕ್ರಿಸ್ತರ ದೇಹ ತೋರಿಕೆಯದು, ಅವರ ಯಾತನೆಯೂ ತೋರಿಕೆಯದು ಎಂದು ಅದು ಸಾರಿತು. ಅಂತಿಯೋಕ್ಯದ ಸಂತ ಇಗ್ನಾಸಿಯವರು ಸೆರೆಯಾಳಾಗಿ ರೋಮಿಗೆ ಸಾಗುವ ದಾರಿಯಲ್ಲಿ ಸ್ಮಿರ್ನದ ಸಭೆಗೂ ತ್ರಲ್ಲೆಯ ಸಭೆಗೂ ಬರೆದ ಪತ್ರಗಳಲ್ಲಿ ಈ ಬೋಧನೆಯನ್ನು ಕಟುವಾಗಿ ವಿರೋಧಿಸಿದರು. ಅವರ ವಾದ ನೇರವಾದುದು: ಪ್ರಭುವಿನ ಯಾತನೆ ಬರಿಯ ತೋರಿಕೆಯಾದರೆ, ತಾವು ಬೇಡಿ ತೊಟ್ಟು ಮೃಗಗಳ ಬಾಯಿಗೆ ಹೋಗುತ್ತಿರುವುದೇಕೆ? ಅದೇ ಜನರು ವಿಧವೆಯನ್ನಾಗಲಿ ಅನಾಥರನ್ನಾಗಲಿ ಹಸಿದವರನ್ನಾಗಲಿ ಲೆಕ್ಕಿಸುವುದಿಲ್ಲ ಎಂಬುದನ್ನೂ ಅವರು ಸ್ಮಿರ್ನದವರಿಗೆ ತೋರಿಸಿಕೊಟ್ಟರು. ಕ್ರಿಸ್ತರ ದೇಹವನ್ನು ಹಗುರಾಗಿ ಕಂಡವರು ನೆರೆಯವರ ದೇಹವನ್ನೂ ಹಗುರಾಗಿ ಕಂಡರು ಎಂದಾಯಿತು.

ಕಾರ್ಟೂನ್ ರಚಿಸಿದವರನ್ನು ಪಾಷಂಡಿಗಳೆನ್ನುವುದು ನಮ್ಮ ಉದ್ದೇಶವಲ್ಲ. ಅವರು ಸಿದ್ಧಾಂತ ಬೋಧಿಸಲು ಹೊರಟವರಲ್ಲ. ಆದರೆ ಟಾಮ್‌ನ ದೇಹವನ್ನು ಬಣ್ಣಿಸಲು ಇದಕ್ಕಿಂತ ನಿಖರವಾದ ಪರಿಭಾಷೆ ನಮ್ಮಲ್ಲಿಲ್ಲ. ಅದು ತೋರಿಕೆಯ ದೇಹ. ಚಪ್ಪಟೆಯಾಗುತ್ತದೆ, ಉಬ್ಬುತ್ತದೆ, ಚೂರಾಗುತ್ತದೆ, ಆದರೆ ಅದಕ್ಕೆ ಇತಿಹಾಸವಿಲ್ಲ; ನಿನ್ನೆಯ ಪೆಟ್ಟಿನ ಕಲೆ ಇಂದು ಉಳಿದಿರುವುದಿಲ್ಲ. 1952ರ ‘ದ ಟೂ ಮೌಸ್ಕಟೀರ್ಸ್’ ಚಿತ್ರದ ಕೊನೆಯಲ್ಲಿ ಟಾಮ್‌ನ ಶಿರಚ್ಛೇದವೇ ಆಗುತ್ತದೆ. ಪುಟ್ಟ ಇಲಿ ಅಯ್ಯೋ ಪಾಪವೆಂದು ಹೆಗಲು ಕೊಡವಿ ನಡೆಯುತ್ತದೆ. ಮುಂದಿನ ಚಿತ್ರದಲ್ಲಿ ಬೆಕ್ಕು ಯಥಾಪ್ರಕಾರ ಹಾಜರು.

ಇದಕ್ಕೆ ಬರುವ ಸಹಜ ಆಕ್ಷೇಪಣೆ, ಇದು ಆಟವೆಂದು ಮಗುವಿಗೆ ಗೊತ್ತಿದೆ ಎಂಬುದು. ಎಂಟು ಹತ್ತು ವರ್ಷದ ಮಗುವಿನ ಮಟ್ಟಿಗೆ ಇದು ಒಪ್ಪತಕ್ಕ ಮಾತು. ಮೂರು ವರ್ಷದ ಮಗುವಿನ ಬಗ್ಗೆ ಅಷ್ಟು ನಿಶ್ಚಿಂತೆ ಸಲ್ಲದು. ಆದರೆ ಇಲ್ಲಿ ಬೆಕ್ಕಿನ ಬಗ್ಗೆ ಮಗು ಏನನ್ನು ನಂಬುತ್ತದೆ ಎಂಬುದಷ್ಟೇ ನಮ್ಮ ಚಿಂತೆಯಲ್ಲ. ಕಥೆಯ ಯಾವ ಲಯಕ್ಕೆ ಅದರ ಕಿವಿ ಪಳಗುತ್ತದೆ ಎಂಬುದೇ ಚಿಂತೆ. ಏಟು, ಬೀಳು, ಏಳು. ಏಟು, ಬೀಳು, ಏಳು. ಈ ಲಯ ರೂಢಿಯಾದ ಮಗುವಿಗೆ ನಾವು ಧರ್ಮೋಪದೇಶದ ತರಗತಿಯಲ್ಲಿ ಹೇಳುವುದೇನು? ಯೇಸುಸ್ವಾಮಿಯನ್ನು ಹೊಡೆದರು, ಶಿಲುಬೆಗೆ ಜಡಿದರು, ಅವರು ಸತ್ತರು, ಮೂರನೆಯ ದಿನ ಎದ್ದರು. ಒಂದೇ ಉಸಿರಿನಲ್ಲಿ ಹೀಗೆ ಹೇಳಿ ಮುಗಿಸಿದರೆ, ಮೂರನೆಯ ದಿನವೆಂಬುದು ಮುಂದಿನ ದೃಶ್ಯವಾಗಿಯಷ್ಟೇ ಕೇಳಿಸುವ ಅಪಾಯವಿದೆ. ಬಿದ್ದವರು ಏಳುವುದು ಕಥೆಯ ವಾಡಿಕೆಯಾದಲ್ಲಿ ಪುನರುತ್ಥಾನ ಯಾರಿಗೂ ಬೆರಗು ಹುಟ್ಟಿಸದು.

ಸಂತ ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯ ಈ ಲಯವನ್ನು ತಡೆದು ನಿಲ್ಲಿಸುತ್ತದೆ. ಪುನರುತ್ಥಾನರಾದ ಪ್ರಭು ತಮ್ಮವರಿಗೆ ಮೊದಲು ತೋರಿಸುವುದು ಕೈಗಳನ್ನು ಮತ್ತು ಪಕ್ಕೆಯನ್ನು. ತೋಮನಿಗೆ ಅದೇ ಗಾಯಗಳನ್ನು ಮುಟ್ಟಲು ಆಹ್ವಾನವೀಯುತ್ತಾರೆ. ಮರಣವನ್ನು ಜಯಿಸಿದ ದೇಹ ಗಾಯಗಳನ್ನು ಅಳಿಸಿಕೊಂಡು ಬರಲಿಲ್ಲ, ಹೊತ್ತುಕೊಂಡೇ ಬಂದಿತು. ಶುಕ್ರವಾರ ನಡೆದದ್ದು ಭಾನುವಾರ ನಡೆಯದಂತಾಗಲಿಲ್ಲ. ಕಾರ್ಟೂನಿನ ಪುನಶ್ಚೇತನಕ್ಕೂ ಕ್ರೈಸ್ತ ಪುನರುತ್ಥಾನಕ್ಕೂ ಇರುವ ವ್ಯತ್ಯಾಸವೆಲ್ಲ ಆ ಗಾಯದ ಗುರುತುಗಳಲ್ಲಿದೆ.

ಗಾಯವಿಲ್ಲದ ಈ ಲೋಕದಲ್ಲಿ ಯಾರಿಗೂ ನೋವಾಗುವುದಿಲ್ಲವೆಂಬ ಮಾತು ಪೂರ್ತಿ ನಿಜವೂ ಅಲ್ಲ. ಸಿಡಿಮದ್ದು ಸಿಡಿದೊಡನೆ ಪಾತ್ರದ ಮುಖ ಕಪ್ಪಾಗಿ, ತುಟಿ ದಪ್ಪಗಾಗಿ, ಆಫ್ರಿಕನ್ ಅಮೆರಿಕನ್ನರ ವಿಕೃತ ಅಣಕವಾಗುವ ಹಾಸ್ಯ ಈ ಮಾಲಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಮನೆಗೆಲಸದ ಕರಿಯ ಹೆಂಗಸಿನ ಪಾತ್ರವೂ ಅದೇ ಅಚ್ಚಿನದು. ಮುಂದೆ ದೂರದರ್ಶನದ ಪ್ರಸಾರಗಳಲ್ಲಿ ಇಂತಹ ದೃಶ್ಯಗಳನ್ನು ಕತ್ತರಿಸಲಾಯಿತು, ಆ ಪಾತ್ರದ ಧ್ವನಿಯನ್ನು ಬದಲಿಸಲಾಯಿತು. ಬೆಕ್ಕಿಗೆ ತಗಲದ ಪೆಟ್ಟು ತೆರೆಯ ಈಚೆ ಕುಳಿತಿದ್ದ ನಿಜವಾದ ಮಕ್ಕಳಿಗೆ ತಗಲಿತ್ತು. ಅಕ್ವಿನಾಸರು ಎಳೆದ ಎಲ್ಲೆ ಎಲ್ಲಿ ಮೀರಿಹೋಯಿತು ಎಂಬುದಕ್ಕೆ ಇಸ್ತ್ರಿಪೆಟ್ಟಿಗೆಯ ಏಟಿಗಿಂತ ಇದೇ ಸ್ಪಷ್ಟವಾದ ನಿದರ್ಶನ.

ಒದ್ದೆಯಾದ ಚೀಲ

ಈ ಮಾಲಿಕೆ ತನ್ನ ನಿಯಮವನ್ನು ತಾನೇ ಪರೀಕ್ಷೆಗೊಡ್ಡಿದ ಚಿತ್ರವೊಂದಿದೆ. 1949ರಲ್ಲಿ ತೆರೆಕಂಡ ‘ಹೆವನ್ಲಿ ಪುಸ್’ ದೈವಶಾಸ್ತ್ರದ ವಿದ್ಯಾರ್ಥಿಗಳು ನೋಡಲೇಬೇಕಾದ ಕೃತಿ. ಜೆರ್ರಿಯನ್ನು ಅಟ್ಟಿಸಿಕೊಂಡು ಹೋಗುವಾಗ ಮೆಟ್ಟಿಲುಗಳ ಮೇಲಿಂದ ಜಾರಿದ ಪಿಯಾನೋ ಟಾಮ್‌ನನ್ನು ಅಪ್ಪಳಿಸುತ್ತದೆ. ಈ ಬಾರಿ ಅದು ಸಾಯುತ್ತದೆ. ಅದರ ಆತ್ಮ ಸ್ವರ್ಗಕ್ಕೆ ಹೊರಡುವ ರೈಲಿನ ನಿಲ್ದಾಣಕ್ಕೆ ಬರುತ್ತದೆ. ಅಲ್ಲಿ ಸತ್ತ ಬೆಕ್ಕುಗಳ ಸಾಲಿದೆ, ಒಂದೊಂದನ್ನೂ ವಿಚಾರಿಸಿ ಒಳಬಿಡುವ ಅಧಿಕಾರಿಯಿದ್ದಾನೆ. ನಿರಪರಾಧಿ ಇಲಿಯನ್ನು ಬಾಳಿಡೀ ಪೀಡಿಸಿದ ಟಾಮ್‌ಗೆ ಪ್ರವೇಶವಿಲ್ಲ. ಒಂದು ಗಂಟೆಯೊಳಗೆ ಜೆರ್ರಿಯ ಸಹಿಯಿರುವ ಕ್ಷಮಾಪತ್ರವನ್ನು ತಂದರೆ ಸ್ವರ್ಗ; ತಪ್ಪಿದರೆ ಕುದಿಯುವ ಕೊಪ್ಪರಿಗೆಯ ಬಳಿ ನಾಯಿರೂಪದ ಸೈತಾನ ಕಾಯುತ್ತಿದ್ದಾನೆ.

ಆ ಸಾಲಿನಲ್ಲಿ ಚಪ್ಪಟೆಯಾದ ಬೆಕ್ಕೊಂದಿದೆ. ಅದನ್ನು ನೋಡಿ ನಗು ಬರುತ್ತದೆ. ಬಳಿಕ ಒದ್ದೆಯಾದ ಚೀಲವೊಂದು ಬರುತ್ತದೆ. ಅದರೊಳಗಿಂದ ಮೂರು ಬೆಕ್ಕಿನ ಮರಿಗಳು ಹೊರಬರುತ್ತವೆ. ಜನ ಇಂಥದನ್ನೂ ಮಾಡುತ್ತಾರಲ್ಲ ಎಂಬರ್ಥದ ಮಾತನ್ನಾಡಿ ಅಧಿಕಾರಿ ಅವನ್ನು ಒಳಬಿಡುತ್ತಾನೆ. ದೃಶ್ಯ ಕೆಲವೇ ಕ್ಷಣಗಳದು. ಯಾವ ಹೊಡೆತವನ್ನೂ ತೋರಿಸಿಲ್ಲ, ಯಾವ ಸದ್ದೂ ಇಲ್ಲ. ನಮ್ಮ ದೃಷ್ಟಿಯಲ್ಲಿ ಇಡೀ ಮಾಲಿಕೆಯಲ್ಲಿ ನಿಜವಾಗಿ ಹಿಂಸೆಯನ್ನು ಕಾಣಿಸುವ ದೃಶ್ಯ ಇದು. ನೂರಾರು ಪೆಟ್ಟುಗಳಿಗೆ ನಕ್ಕ ಪ್ರೇಕ್ಷಕ ಇಲ್ಲಿ ನಗಲಾರ. ಗೆರೆಗಳಿಂದ ಬರೆದ ದೇಹವೂ ನೋಯಬಲ್ಲುದು, ನೋಯಿಸಬಲ್ಲುದು ಎಂಬುದು ಈ ಕಲಾವಿದರಿಗೆ ಚೆನ್ನಾಗಿ ತಿಳಿದಿತ್ತು. ಕಲಾಪ್ರಕಾರದ ದೋಷವೇ ಎಲ್ಲಕ್ಕೂ ಕಾರಣವೆನ್ನುವವರು ಈ ಚೀಲವನ್ನು ಮರೆಯಬಾರದು.

ಮುಂದಿನ ಕಥೆ ಕ್ಷಮೆಯದು, ಅಲ್ಲಿ ಚಿತ್ರ ಅಷ್ಟು ಆಳಕ್ಕಿಳಿಯುವುದಿಲ್ಲ. ಸಿಹಿ ತಿನಿಸಿನ ಆಮಿಷ, ಅಂಗಲಾಚುವಿಕೆ ಎಲ್ಲವೂ ಆಗುತ್ತದೆ. ಜೆರ್ರಿ ಕೊನೆಗೆ ಸಹಿ ಹಾಕಿದರೂ ಹೊತ್ತು ಮೀರಿರುತ್ತದೆ. ಟಾಮ್ ಕೆಳಗೆ ಬೀಳುತ್ತದೆ. ಟ್ರೆಂಟ್ ಮಹಾಸಭೆಯು 1551ರಲ್ಲಿ ಪಾಪನಿವೇದನೆಯ ಸಂಸ್ಕಾರವನ್ನು ಕುರಿತು ಬೋಧಿಸುವಾಗ ಪರಿಪೂರ್ಣ ಪಶ್ಚಾತ್ತಾಪವನ್ನೂ, ಪಾಪದ ಹೇಯತೆಯಿಂದಲೋ ನರಕದ ಭಯದಿಂದಲೋ ಹುಟ್ಟುವ ಅಪೂರ್ಣ ಪಶ್ಚಾತ್ತಾಪವನ್ನೂ ವಿಂಗಡಿಸಿತು. ಎರಡನೆಯದನ್ನೂ ಅದು ತುಚ್ಛೀಕರಿಸಲಿಲ್ಲ, ದೇವರ ವರವೆಂದೇ ಪರಿಗಣಿಸಿತು. ಟಾಮ್‌ನಲ್ಲಿರುವುದು ಅದರ ಅಂಚನ್ನು ಮಾತ್ರ ಮುಟ್ಟುವ ಭಯ. ಅದಕ್ಕೆ ಬೇಕಾದದ್ದು ಸಹಿ. ಇಲಿಗೆ ತಾನೇನು ಮಾಡಿದೆನೆಂಬುದನ್ನು ಅದು ಒಮ್ಮೆಯೂ ನೋಡುವುದಿಲ್ಲ. ಕೊನೆಗೆ ಎಲ್ಲವೂ ಕನಸೆಂದು ತಿಳಿದು ಎಚ್ಚೆತ್ತ ಟಾಮ್ ಜೆರ್ರಿಯನ್ನು ಅಪ್ಪಿ ಮುದ್ದಾಡುತ್ತದೆ. ಜೆರ್ರಿಗೆ ಏನೊಂದೂ ಅರ್ಥವಾಗುವುದಿಲ್ಲ. ಗಾಯವೇ ಇಲ್ಲದ ಲೋಕದಲ್ಲಿ ಕ್ಷಮಿಸುವುದಕ್ಕಾದರೂ ಏನು ಉಳಿದೀತು? ಪೆಟ್ಟು ಅಳಿಸಿಹೋದಲ್ಲಿ ಕ್ಷಮೆಯೂ ಬರಿಯ ಕಾಗದವಾಗುತ್ತದೆ.

ಹಿಂಸೆಯನ್ನು ತೆಗೆದುಹಾಕಿದರೆ ಸಾಕೇ?

ಮಕ್ಕಳ ದೂರದರ್ಶನದ ಬಗ್ಗೆ ಅಮೆರಿಕದ ಪಾಲಕರ ಒತ್ತಡ ಹೆಚ್ಚಿದ ಕಾಲದಲ್ಲಿ, 1975ರಲ್ಲಿ, ಟಾಮ್ ಮತ್ತು ಜೆರ್ರಿ ಹೊಸ ದೂರದರ್ಶನ ಮಾಲಿಕೆಯೊಂದರಲ್ಲಿ ಕಾಣಿಸಿಕೊಂಡವು. ಈಗ ಅವು ಗೆಳೆಯರು. ಜೊತೆಯಾಗಿ ಊರು ಸುತ್ತುತ್ತವೆ, ಆಟೋಟಗಳಲ್ಲಿ ಸ್ಪರ್ಧಿಸುತ್ತವೆ. ಅಟ್ಟುವಿಕೆಯಿಲ್ಲ, ಪೆಟ್ಟುಗಳಿಲ್ಲ. ಆ ಮಾಲಿಕೆ ಹಳೆಯ ಚಿತ್ರಗಳಂತೆ ಜನಮನದಲ್ಲಿ ನಿಲ್ಲಲಿಲ್ಲ. ಇದನ್ನು ಮಕ್ಕಳ ಹಿಂಸಾಪ್ರವೃತ್ತಿಗೆ ಸಾಕ್ಷಿಯೆಂದು ನಾವು ಓದಬೇಕಾಗಿಲ್ಲ. ವೈರವೇಕೆ ನಿಂತಿತೆಂಬುದನ್ನು ಹೊಸ ಚಿತ್ರಗಳು ಹೇಳಲೇ ಇಲ್ಲ. ಅವು ಕೊಟ್ಟದ್ದು ಸಂಧಾನವಿಲ್ಲದ ಶಾಂತಿ. ಹಳೆಯವು ಕೊಟ್ಟಿದ್ದು ಗಾಯವಿಲ್ಲದ ಹಿಂಸೆ. ಎರಡರಲ್ಲೂ ಮರೆಯಾದದ್ದು ನೊಂದವನ ಮುಖ.

ಆದಕಾರಣ ನಿಷೇಧವೊಂದೇ ಪರಿಹಾರವೆಂದು ನಮಗೆ ತೋರುವುದಿಲ್ಲ. ಇನ್ನೂ ನಾಲ್ಕು ತುಂಬದ ಮಗುವನ್ನು ಈ ಚಿತ್ರಗಳೆದುರು ಒಂಟಿಯಾಗಿ ಕೂರಿಸದಿರುವುದು ವಿವೇಕ. ‘ಇಂಟರ್ ಮಿರಿಫಿಕಾ’ದ 10ನೇ ಪರಿಚ್ಛೇದವೂ ಮನೆಯೊಳಗೆ ಬರುವುದರ ಮೇಲೆ ನಿಗಾ ಇಡುವ ಹೊಣೆಯನ್ನು ತಂದೆತಾಯಿಗಳಿಗೆ ವಹಿಸಿದೆ. ದೊಡ್ಡ ಮಕ್ಕಳ ವಿಷಯದಲ್ಲಿ ಬೇಕಾದುದು ಜೊತೆಗೆ ಕೂರುವ ಹಿರಿಯರು. ಜೊತೆಗೆ ನಗಬೇಕು. ನಡುವೆ ಒಮ್ಮೆ, ಇದು ನಮ್ಮ ಮನೆಯ ಬೆಕ್ಕಿಗೆ ಆಗಿದ್ದರೆ ಏನಾಗುತ್ತಿತ್ತು ಎಂದು ಕೇಳಬೇಕು. ಮಗು ಕೂಡಲೇ ಉತ್ತರಿಸುತ್ತದೆ. ಅದಕ್ಕೆ ಉಪದೇಶ ಬೇಕಾಗುವುದಿಲ್ಲ, ಪ್ರಶ್ನೆ ಸಾಕು. ‘ಹೆವನ್ಲಿ ಪುಸ್’ನ ಆ ಒದ್ದೆ ಚೀಲದ ದೃಶ್ಯ ಬಂದಾಗ ಮಗು ಏನು ನಡೆಯಿತೆಂದು ಕೇಳಿದರೆ, ಮಾತು ಮರೆಸದೆ ನಿಜವನ್ನು ಹೇಳಬೇಕು.

ಧರ್ಮೋಪದೇಶಕರಿಗೂ, ಮುಂದೆ ಗುರುಗಳಾಗಲಿರುವ ನಮ್ಮ ವಿದ್ಯಾರ್ಥಿಗಳಿಗೂ ಇನ್ನೊಂದು ಹೊಣೆಯಿದೆ. ಪವಿತ್ರ ವಾರದ ಕಥೆಯನ್ನು ಅವಸರದಿಂದ ಹೇಳಬಾರದು. ಶುಭ ಶುಕ್ರವಾರಕ್ಕೂ ಭಾನುವಾರಕ್ಕೂ ನಡುವೆ ಸಮಾಧಿಯ ಮುಂದೆ ಮಕ್ಕಳನ್ನು ಒಂದಿಷ್ಟು ಹೊತ್ತು ನಿಲ್ಲಿಸಬೇಕು. ಅಳುತ್ತಿದ್ದ ಮಗ್ದಲದ ಮರಿಯಳ ಬಗ್ಗೆ, ಬಾಗಿಲು ಹಾಕಿಕೊಂಡು ಹೆದರಿ ಕುಳಿತ ಶಿಷ್ಯರ ಬಗ್ಗೆ ಹೇಳಬೇಕು. ಪಾಸ್ಕ ಹಬ್ಬದ ಪಾಠವನ್ನು ಬರಿದಾದ ಸಮಾಧಿಯೊಂದಿಗೆ ನಿಲ್ಲಿಸದೆ, ಕೈಗಳಲ್ಲಿದ್ದ ಮೊಳೆಯ ಗುರುತುಗಳವರೆಗೂ ಒಯ್ಯಬೇಕು. ಸಮಾರಿಯದವನ ಸಾಮತಿಯನ್ನು (ಲೂಕ 10:25-37) ಕಲಿಸುವಾಗ, ಯಾಜಕನೂ ಲೇವಿಯನೂ ಆ ಗಾಯಾಳುವನ್ನು ನೋಡದೆ ಹೋದವರಲ್ಲ, ನೋಡಿಯೇ ಹೋದವರು ಎಂಬುದನ್ನು ಎತ್ತಿ ತೋರಿಸಬೇಕು. ಮೂವರೂ ನೋಡಿದರು, ಒಬ್ಬನು ಮಾತ್ರ ಮರುಗಿ ಹತ್ತಿರ ಬಂದು ಗಾಯಗಳಿಗೆ ಎಣ್ಣೆ ಮತ್ತು ದ್ರಾಕ್ಷಾರಸವನ್ನು ಹೊಯ್ದು ಕಟ್ಟಿದನು. ನಮ್ಮ ಮಕ್ಕಳು ಟಾಮ್‌ನ ಕಿರುಚಾಟಕ್ಕೆ ನಗಲಿ. ಶಾಲೆಯ ಅಂಗಳದಲ್ಲಿ ಜೊತೆಯ ಮಗುವೊಂದು ಬಿದ್ದು ಮೊಣಕಾಲು ಕೆತ್ತಿಕೊಂಡಾಗ ಅವರು ನಗುತ್ತಾ ನಿಲ್ಲುವರೋ ಹತ್ತಿರ ಹೋಗುವರೋ ಎಂಬುದು ನಾವು ಅವರಿಗೆ ಯಾವ ಕಥೆಗಳನ್ನು ಹೇಗೆ ಹೇಳಿದ್ದೇವೆ ಎಂಬುದರ ಮೇಲೂ ಅವಲಂಬಿಸಿದೆ.